ಕತ್ತರಿ ಅತ್ತೆಯ ಕೈ

ನಮ್ಮ ಅತ್ತೆಯನ್ನು ಬೀದಿಯವರೆಲ್ಲ ಕತ್ತರಿ ಅತ್ತೆ ಎಂದೇ ಕರೆಯುತ್ತಾರೆ. ನಿಜಕ್ಕೂ ಅವಳು ಅತ್ತೆಯಾಗಬೇಕಾದ್ದು ನನಗೊಬ್ಬಳಿಗೆ, ಅಪ್ಪನ ತಂಗಿ ಅವಳು. ಆದರೆ ಔಷಧಿ ಅಂಗಡಿಯವರಿಗೂ ಅವಳು ಅತ್ತೆ, ಬಸ್ ಕಂಡಕ್ಟರಿಗೂ ಅತ್ತೆ, ಅವಳಿಗಿಂತ ಎಷ್ಟೋ ಹಿರಿಯರಾದ ನಿವೃತ್ತ ಮೇಷ್ಟರಿಗೂ ಅತ್ತೆ. ಔಷಧಿ ಅಂಗಡಿಗೂ ಚಪ್ಪಲಿ ರಿಪೇರಿ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡಂತಿರುವ ಅವಳ ಸಲೂನಿನಲ್ಲಿ ಎರಡು ಕುರ್ಚಿ, ಗೋಡೆಯುದ್ದಕ್ಕೂ ಒಂದು ಕನ್ನಡಿ, ಕಾಯುವವರಿಗೊಂದು ಬೆಂಚು. ಗಂಡಸರು, ಹೆಂಗಸರು, ಮಕ್ಕಳು ಎಲ್ಲರಿಗೂ ಅದೇ ಬೆಂಚು. ಕೂದಲು ಕತ್ತರಿಸುವಾಗ ಅವಳ ಬಾಯಿಗೂ ಪುರಸೊತ್ತಿಲ್ಲ. ಬಾಯಿ ನಿಂತರೆ ಕತ್ತರಿಯೂ ನಿಲ್ಲುತ್ತದೆ ಎಂದು ಮಾವ ತಮಾಷೆ ಮಾಡುತ್ತಿದ್ದರು.

ಮಾವ ಕೊಳಾಯಿ ಕೆಲಸದವರು. ಮಾತು ಕಡಿಮೆ. ಅತ್ತೆ ದಿನವಿಡೀ ಆಡುವ ಮಾತಿಗೆ ಅವರು ಸಂಜೆ ಒಂದು "ಹೂಂ" ಸೇರಿಸಿ ಲೆಕ್ಕ ಚುಕ್ತಾ ಮಾಡುತ್ತಿದ್ದರು.

ಅತ್ತೆಗೆ ಕಾಯಿಲೆ ಇದೆ ಎಂದು ನಮಗೆಲ್ಲ ಅರ್ಥವಾದದ್ದು ಒಂದು ವಸಂತದಲ್ಲಿ. ಅದಕ್ಕೆ ಮೊದಲೂ ಅವಳು ಆಗಾಗ ಉತ್ಸಾಹದಲ್ಲಿ ಹಾರಾಡಿದ್ದುಂಟು, ಆಮೇಲೆ ವಾರಗಟ್ಟಲೆ ಮಂಕಾಗಿ ಕೂತದ್ದೂ ಉಂಟು. ಅವಳ ಸ್ವಭಾವವೇ ಹಾಗೆ ಎಂದುಕೊಂಡಿದ್ದೆವು. ಆ ವಸಂತದಲ್ಲಿ ಮಾತ್ರ ಹಾರಾಟ ಕೆಳಗಿಳಿಯಲಿಲ್ಲ. ಸಲೂನಿನ ನಾಲ್ಕು ಗೋಡೆಗೂ ನಾಲ್ಕು ಬಣ್ಣ ಬಳಿದಳು. ಊಟ ಬಿಟ್ಟಳು, ನಿದ್ದೆ ಬಿಟ್ಟಳು. ಬೀದಿಯಲ್ಲಿ ಒಬ್ಬರ ತಲೆಯೂ ಸರಿಯಾಗಿಲ್ಲ, ಅದನ್ನು ಸರಿಮಾಡುವುದೇ ತನ್ನ ಜನ್ಮದ ಕೆಲಸ ಎಂದು ಅವಳಿಗೆ ಅನ್ನಿಸಿತು. ಕುರ್ಚಿಯೊಂದನ್ನು ಬಸ್ ಸ್ಟಾಪಿಗೆ ಎಳೆದುಕೊಂಡು ಹೋಗಿ, ಬಸ್ಸಿಗೆ ನಿಂತವರನ್ನೆಲ್ಲ ಕೈಹಿಡಿದು ಕೂರಿಸತೊಡಗಿದಳು. ಮೊದಲಿಬ್ಬರು ನಗುನಗುತ್ತಾ ಕೂತರು. ಮೂರನೆಯವರು ಅರ್ಧ ತಲೆ ಆಗಿದ್ದಾಗ ಬಸ್ಸು ಬಂತು, ಅವರು ಹತ್ತಿಬಿಟ್ಟರು. ಅತ್ತೆ ಕತ್ತರಿ ಹಿಡಿದು ಬಸ್ಸಿನ ಹಿಂದೆ ಓಡಿದಳು. ಅವಳು ನಗುತ್ತಾ ಓಡುತ್ತಿದ್ದರೆ, ಹಿಂದೆ ಮಾವ ಅಳುತ್ತಾ ಓಡುತ್ತಿದ್ದರು.

ಅಲ್ಲಿಂದ ಆಸ್ಪತ್ರೆ. ಅಲ್ಲಿಂದ ಇಳಿತ. ಮೇಲೇರಿದ್ದಕ್ಕಿಂತ ಆಳಕ್ಕೆ ಇಳಿದಳು. ಆ ಕಾಲದಲ್ಲಿ ಸಲೂನಿನ ಬಾಗಿಲು ತೆರೆಯಲೇ ಇಲ್ಲ. ಮನೆಯಲ್ಲಿ ಅವಳು ಗೋಡೆ ಕಡೆ ಮುಖಮಾಡಿ ಮಲಗಿರುತ್ತಿದ್ದಳು. ಮಾವ ಬಕೆಟ್ಟಿನಲ್ಲಿ ಬಿಸಿನೀರು ತಂದು, ಮಂಚದ ಅಂಚಿಗೆ ಅವಳ ತಲೆ ಇಳಿಬಿಟ್ಟು, ಕೂದಲು ತೊಳೆದು, ಒರೆಸಿ, ಬಾಚುತ್ತಿದ್ದರು. ಊರಿಗೆಲ್ಲ ತಲೆ ಬಾಚಿದವಳಿಗೆ ತನ್ನ ತಲೆ ಎತ್ತಲೂ ಆಗುತ್ತಿರಲಿಲ್ಲ.

ಕಾಯಿಲೆಯ ಹೆಸರು ಬೈಪೋಲಾರ್ ಎಂದು ನಮಗೆ ಹೇಳಿದವರು ನದಿಯಾಚೆಯ ವಿಶೇಷ ಚಿಕಿತ್ಸಾ ಕೇಂದ್ರದ ಡಾಕ್ಟ್ರಮ್ಮ. ಬೆಳ್ಳಗಾದ ತುಂಡುಗೂದಲಿನ, ಸದಾ ಅವಸರದಲ್ಲಿದ್ದರೂ ಕೂತರೆ ಏಳದೆ ಮಾತಾಡುವ ಹೆಂಗಸು. ಲಿಥಿಯಂ ಮಾತ್ರೆ ಶುರುಮಾಡಿದರು. ಅದು ಅತ್ತೆಗೆ ಹೇಳಿ ಮಾಡಿಸಿದಂತೆ ಹಿಡಿಯಿತು. ಚಳಿಗಾಲ ಬರುವ ಹೊತ್ತಿಗೆ ಅವಳು ಎದ್ದು ಕೂತು, "ಈ ಗೋಡೆಗೆ ಇಂಥಾ ಬಣ್ಣ ಬಳಿಯೋವಾಗ ನೀವೆಲ್ಲ ಏನ್ ಮಾಡ್ತಿದ್ರಿ?" ಎಂದು ನಮ್ಮನ್ನೇ ದಬಾಯಿಸಿದಳು. ನಮಗೆಲ್ಲ ಹೋದ ಜೀವ ಬಂದಂತಾಯಿತು.

ಆದರೆ ಮನಸ್ಸನ್ನು ಹಿಡಿದು ನಿಲ್ಲಿಸಿದ ಮಾತ್ರೆ ಕೈಯನ್ನು ನಡುಗಿಸಿತು.

ಮೊದಮೊದಲು ಟೀ ಲೋಟದಲ್ಲಿ ಮಾತ್ರ ಕಾಣುತ್ತಿತ್ತು. ಆಮೇಲೆ ಬಾಚಣಿಗೆಯಲ್ಲಿ. ಒಂದು ದಿನ ಮೇಷ್ಟರ ಕಿವಿಯ ತುದಿಗೆ ಕತ್ತರಿ ತಾಕಿ ರಕ್ತ ಬಂತು. ಮೇಷ್ಟರು "ಏನೂ ಆಗಿಲ್ಲ ಬಿಡಮ್ಮ, ಕಿವಿ ಇನ್ನೊಂದಿದೆ" ಅಂದರು. ಪಕ್ಕದ ಔಷಧಿ ಅಂಗಡಿಯಿಂದ ಹತ್ತಿ ತರಿಸಿ ತಾವೇ ಒತ್ತಿಕೊಂಡು ಕೂತರು. ಅತ್ತೆ ನಗಲಿಲ್ಲ. ಅಂದಿನಿಂದ ಬೆಂಚಿನ ಮೇಲೆ ಕೂತವರು ತನ್ನ ಕೈಯನ್ನೇ ನೋಡುತ್ತಾರೆ ಎಂದು ಅವಳಿಗೆ ಅನ್ನಿಸತೊಡಗಿತು. ಕೆಲವರು ನಿಜವಾಗಿಯೂ ನೋಡುತ್ತಿದ್ದರು. ಒಬ್ಬೊಬ್ಬರಾಗಿ ಬೇರೆ ಸಲೂನಿಗೆ ಹೋದವರೂ ಇದ್ದರು.

ಅವಳು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿಬಿಟ್ಟಳು. ಕೈಯ ನಡುಕ ನಿಂತಿತು. ಎಷ್ಟು ಚೆನ್ನಾಗಿ ನಿಂತಿತೆಂದರೆ, ಔಷಧಿ ಅಂಗಡಿಯವರ ಮಗಳ ಮದುವೆಗೆ ಅವಳು ಕಟ್ಟಿದ ಜಡೆಯ ಫೋಟೋ ಇವತ್ತಿಗೂ ಆ ಅಂಗಡಿಯ ಗೋಡೆಯ ಮೇಲಿದೆ. ಆದರೆ ಎಲೆ ಉದುರುವ ಹೊತ್ತಿಗೆ ಅವಳು ಮತ್ತೆ ನಿದ್ದೆ ಬಿಟ್ಟಳು, ಮತ್ತೆ ಆಸ್ಪತ್ರೆ ಸೇರಿದಳು. ಈ ಸಲ ಬಿಗಿಯಾಗಿ ಹಿಡಿದುಕೊಂಡೇ ಕರೆದೊಯ್ಯಬೇಕಾಯಿತು. ಮಾವನ ಮೊಣಕೈಯಲ್ಲಿ ಅವಳ ಉಗುರಿನ ಗುರುತು ಬಹಳ ದಿನ ಇತ್ತು. ಅವರು ತುಂಬುತೋಳಿನ ಅಂಗಿಯನ್ನೇ ಹಾಕಿಕೊಂಡು ಓಡಾಡಿದರು.

ಮಾತ್ರೆ ಮತ್ತೆ ಶುರುವಾಗಿ ಅವಳು ಚೇತರಿಸಿಕೊಂಡ ಮೇಲೆ ಡಾಕ್ಟ್ರಮ್ಮ ಕೇಳಿದರು, "ಮಾತ್ರೆ ಯಾಕೆ ಬಿಟ್ರಿ? ಬಯ್ಯಲ್ಲ, ಹೇಳಿ."

ಅತ್ತೆ ಎರಡೂ ಕೈ ಮುಂದೆ ಚಾಚಿ ತೋರಿಸಿದಳು. "ನೀವು ತಲೆ ಒಳಗಿಂದು ಸರಿಮಾಡ್ತೀರಿ, ನಾನು ತಲೆ ಮೇಲಿಂದು. ಈ ಕೈ ಇಟ್ಕೊಂಡು ನಾನು ಏನ್ ಮಾಡ್ಲಿ, ನೀವೇ ಹೇಳಿ."

ಡಾಕ್ಟ್ರಮ್ಮ ಆ ಕೈಗಳನ್ನು ತಮ್ಮ ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ ಮೊದಲ ಬಾರಿಗೆ ಒಂದು ದೊಡ್ಡ ಅಧ್ಯಯನದ ಮಾತೆತ್ತಿದರು. ಬೇರೆ ಬೇರೆ ದೇಶಗಳಲ್ಲಿ ಇಂಥವೇ ಕೇಂದ್ರಗಳಿವೆ. ಒಂದೊಂದರಲ್ಲೂ ಲಿಥಿಯಂ ಚೆನ್ನಾಗಿ ಹಿಡಿದು, ಕೈ ಮಾತ್ರ ಕೆಟ್ಟವರು ಕೆಲವರೇ ಇರುತ್ತಾರೆ. ಅಷ್ಟು ಕಡಿಮೆ ಜನರನ್ನು ನೋಡಿ ಯಾವ ಕೇಂದ್ರವೂ ಏನನ್ನೂ ಧೈರ್ಯವಾಗಿ ಹೇಳಲಾರದು. ಅದಕ್ಕೇ ಎಲ್ಲ ಕೇಂದ್ರಗಳೂ ಕೈಜೋಡಿಸಿವೆ. ಎಲ್ಲ ಕಡೆಯೂ ಒಂದೇ ಪರೀಕ್ಷೆ, ಒಂದೇ ಪ್ರಶ್ನೆ. ಬಂದದ್ದನ್ನು ಒಟ್ಟಿಗೆ ಹಾಕಿ ನೋಡುವುದು. ಯಾರಿಗೆ ನಡುಕ ಬರುತ್ತದೆ, ಯಾಕೆ ಬರುತ್ತದೆ, ಮಾತ್ರೆ ಬಿಡದೆ ಅದನ್ನು ಹೇಗೆ ಕಡಿಮೆ ಮಾಡಬಹುದು ಎಂದು.

"ನಿಮಗೇ ಉಪಯೋಗ ಆಗುತ್ತೆ ಅಂತ ಮಾತು ಕೊಡಕ್ಕಾಗಲ್ಲ," ಎಂದರು ಡಾಕ್ಟ್ರಮ್ಮ. "ವರ್ಷಗಳೇ ಹಿಡೀಬಹುದು."

"ನಾನೆಲ್ಲಿಗೂ ಹೋಗೋದಿಲ್ಲ," ಅಂದಳು ಅತ್ತೆ. "ಬರೀ ಬಸ್ ಹಿಂದೆ ಓಡದಂಗೆ ನೋಡ್ಕೊಳ್ಳಿ ಸಾಕು."

ಅಧ್ಯಯನಕ್ಕೆ ಅವಳ ರಕ್ತ ಬೇಕಿತ್ತು, ಅದರ ಜೊತೆಗೆ ಒಡಹುಟ್ಟಿದವರ ರಕ್ತವೂ ಬೇಕಿತ್ತು. ಒಂದೇ ಮನೆಯಲ್ಲಿ ಹುಟ್ಟಿ ಬೆಳೆದು ಕಾಯಿಲೆ ಬಾರದೆ ಉಳಿದವರನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದಂತೆ. ಒಡಹುಟ್ಟಿದವರೆಂದರೆ ಅಪ್ಪ ಒಬ್ಬನೇ.

ಅಪ್ಪ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವನು. ಇಸ್ತ್ರಿ ಮುರಿಯದ ಅಂಗಿ, ಮುರಿಯದ ಮಾತು. ಅತ್ತೆ ಆಸ್ಪತ್ರೆಯಲ್ಲಿದ್ದ ಎರಡೂ ಸಲ ಅವನು ಕೌಂಟರಿಗೆ ಬಂದು ವಿಚಾರಿಸಿದವರಿಗೆಲ್ಲ "ಹವಾ ಬದಲಾವಣೆಗೆ ಹೋಗಿದ್ದಾಳೆ" ಎಂದು ಹೇಳಿದ್ದ. ರಕ್ತದ ಮಾತು ಬಂದಾಗ "ನಮ್ಮನೇಲಿ ಅಂಥದ್ದೇನೂ ಇಲ್ಲ. ಅವಳಿಗೆ ಬಂತು, ಬಂತು ಅಷ್ಟೇ. ನನ್ನ ರಕ್ತ ಹೊರದೇಶದೋರ ಕೈಗೆ ಯಾಕೆ?" ಎಂದು ಸಿಡುಕಿದ. ಮಾವ ಹೋಗಿ ಕೇಳಿದರು. ನನ್ನಮ್ಮ ಕೇಳಿದಳು. ನಾನೂ ಕೇಳಿದೆ. ಅವನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

ಆದರೆ ಕೂದಲು ಬೆಳೆಯುವುದು ನಿಲ್ಲುವುದಿಲ್ಲವಲ್ಲ, ತಿಂಗಳಿಗೊಮ್ಮೆ ಕತ್ತರಿಸಲೇಬೇಕು. ಅಪ್ಪ ತಂಗಿಯ ಕುರ್ಚಿ ಬಿಟ್ಟು ಬೇರೆಲ್ಲೂ ಕೂತವನಲ್ಲ. ಅವಳ ಕೈ ಎಷ್ಟೇ ನಡುಗಲಿ, ಅವನು ಕಣ್ಣುಮುಚ್ಚಿ ಕೂರುತ್ತಿದ್ದ. ನಡುಕ ಕಾಣಲಿಲ್ಲ ಎಂದು ತೋರಿಸಲಿಕ್ಕೆ. ಆ ಶನಿವಾರ ನಾನು ಬೆಂಚಿನ ಮೇಲಿದ್ದೆ. ಅತ್ತೆ ಅವನ ಕುತ್ತಿಗೆಗೆ ಬಟ್ಟೆ ಬಿಗಿದು, ಎಡಗಡೆಯನ್ನು ನಿಧಾನವಾಗಿ, ನೀಟಾಗಿ ಮುಗಿಸಿ, ಕತ್ತರಿಯನ್ನು ಕನ್ನಡಿಯ ಕೆಳಗಿಟ್ಟು, ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿ ಕೂತುಬಿಟ್ಟಳು.

ಅಪ್ಪ ಕಣ್ಣು ಬಿಟ್ಟ. "ಏನಾಯ್ತು?"

"ಈ ಕಡೆ ಆಯ್ತು. ಆ ಕಡೆ ಆಗಬೇಕಾದ್ರೆ ರಕ್ತ ಕೊಡ್ತೀನಿ ಅನ್ನು."

"ಹುಚ್ಚಾಟ ಆಡಬೇಡ."

"ನಾನು ಆಡದೆ ಇನ್ಯಾರು ಆಡ್ತಾರೆ ಅಣ್ಣ? ಸರ್ಟಿಫಿಕೇಟು ಇರೋದು ನಂಗೊಬ್ಬಳಿಗೇ."

ಬೆಂಚಿನ ಮೇಲಿದ್ದ ಮೇಷ್ಟರು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು. ಪೇಪರು ಅಲುಗಾಡತೊಡಗಿತು. ಅಪ್ಪ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡ. ಒಂದು ಕಡೆ ಅಂಚೆ ಕಚೇರಿಯ ಅಧಿಕಾರಿ, ಇನ್ನೊಂದು ಕಡೆ ಒದ್ದೆ ಬೆಕ್ಕು. ಅವನು ಬಟ್ಟೆ ಬಿಚ್ಚಿ ಎದ್ದು ಬಾಗಿಲ ತನಕ ಹೋದ. ಹೊರಗೆ ಬೀದಿ ತುಂಬ ಜನ. ವಾಪಸು ಬಂದು ಕೂತ.

ಅತ್ತೆಯ ದನಿ ಆಗ ಬದಲಾಯಿತು. "ಅಣ್ಣ, ನನ್ನ ಕೈ ನೋಡು. ಒಂದ್ಸಲ ಕಣ್ಣು ಬಿಟ್ಟು ನೋಡು."

ಅಪ್ಪ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ "ಯಾವತ್ತು ಹೋಗೋದು?" ಎಂದ.

ಕೇಂದ್ರಕ್ಕೆ ಹೋದ ದಿನ ನಾನೂ ಜೊತೆಗಿದ್ದೆ. ಉದ್ದನೆಯ ಕಾರಿಡಾರು, ಕಿಟಕಿ ಪಕ್ಕ ನೀಲಿ ಕುರ್ಚಿಗಳು. ಗೋಡೆಯ ಮೇಲಿದ್ದ ಪ್ರಪಂಚದ ನಕ್ಷೆಯಲ್ಲಿ ಜೊತೆಗೂಡಿದ ಕೇಂದ್ರಗಳಿಗೆಲ್ಲ ಬಣ್ಣದ ಗುಂಡುಪಿನ್ನು ಚುಚ್ಚಿದ್ದರು. ರಕ್ತ ತೆಗೆದ ಮೇಲೆ ನರ್ಸ್ ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು ಸುರುಳಿ ಬರೆಯಲು ಹೇಳಿದರು. ನಡುವಿನಿಂದ ಶುರುಮಾಡಿ, ಕೈಯನ್ನು ಮೇಜಿಗೆ ಊರದೆ, ಹೊರಗೆ ಸುತ್ತುತ್ತಾ ಬರಬೇಕು. ನಡುಕ ಎಷ್ಟಿದೆ ಎಂದು ಗೆರೆಯಲ್ಲಿ ತಿಳಿಯುತ್ತದೆ. ಅತ್ತೆಯ ಸುರುಳಿ ಗರಗಸದ ಹಲ್ಲಿನಂತೆ ಬಂತು. ಹೆದರಿ ಬೆವತಿದ್ದ ಅಪ್ಪನದೂ ಅವಳದಕ್ಕಿಂತ ಏನೂ ಕಡಿಮೆಯಿರಲಿಲ್ಲ. "ನೀವು ಯಾವ ಮಾತ್ರೆ ತಗೋತೀರಿ?" ಎಂದು ನರ್ಸ್ ಗಂಭೀರವಾಗಿ ಕೇಳಿದರು. ಅತ್ತೆ ನಕ್ಕು ನಕ್ಕು ಕುರ್ಚಿಯಿಂದ ಜಾರಿದಳು. ಅವನಿಗೆ ನೀರು ಕುಡಿಸಿ ಇನ್ನೊಮ್ಮೆ ಬರೆಸಬೇಕಾಯಿತು.

ಆಮೇಲೆ ಪ್ರಶ್ನೆಗಳು. ಅಣ್ಣತಂಗಿ ಒಪ್ಪಿದ್ದರಿಂದ ಇಬ್ಬರನ್ನೂ ಒಟ್ಟಿಗೇ ಕೂರಿಸಿಕೊಂಡು ಡಾಕ್ಟ್ರಮ್ಮನೇ ಕೇಳಿದರು. "ನಿಮ್ಮ ತಾಯಿ ಯಾವತ್ತಾದ್ರೂ ದಿನಗಟ್ಟಲೆ ಹಾಸಿಗೆ ಬಿಟ್ಟು ಏಳದೆ ಇದ್ದದ್ದುಂಟಾ?"

"ಇಲ್ಲ," ಎಂದಳು ಅತ್ತೆ. "ಅಮ್ಮಂಗೆ ಆಗಾಗ ತಲೆನೋವು ಬರ್ತಿತ್ತು, ಅಷ್ಟೇ."

ಅಪ್ಪ ಅಂಗಿಯ ತೋಳಿನ ಗುಂಡಿಯನ್ನು ತಿರುವುತ್ತಾ ಕೂತಿದ್ದ. ಕೊನೆಗೆ ಮೆಲ್ಲಗೆ, "ತಲೆನೋವಲ್ಲ," ಎಂದ.

ಆ ಕೋಣೆಯಲ್ಲಿ ಅವನು ಹೇಳಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅಜ್ಜಿ ವಾರಗಟ್ಟಲೆ ಮಲಗಿಬಿಡುತ್ತಿದ್ದಳು. ಆಗಿನ್ನೂ ಶಾಲೆಗೆ ಹೋಗುತ್ತಿದ್ದ ಅಪ್ಪ ಅಡುಗೆ ಮಾಡಿ, ಪುಟ್ಟ ತಂಗಿಗೆ ಉಣ್ಣಿಸಿ, ಅಮ್ಮನಿಗೆ ತಲೆನೋವು, ಗಲಾಟೆ ಮಾಡಬೇಡ ಎಂದು ಅವಳನ್ನು ಹೊರಗೆ ಆಟಕ್ಕೆ ಕಳಿಸುತ್ತಿದ್ದ. ಇನ್ನು ಕೆಲವು ಸಲ ಅಜ್ಜಿ ಮನೆಯ ಪರದೆಗಳನ್ನೆಲ್ಲ ಕಿತ್ತು ಒಗೆಯುತ್ತಿದ್ದಳು, ಒಗೆದದ್ದನ್ನೇ ಮತ್ತೆ ಒಗೆಯುತ್ತಿದ್ದಳು, ಹಾಡುತ್ತಿದ್ದಳು. ಆಗ ತಂಗಿಗೆ ಅದು ಹಬ್ಬದಂತೆ ಇರುತ್ತಿತ್ತು. ಅಣ್ಣ ಮಾತ್ರ ಎದ್ದು ಬೀದಿ ಬಾಗಿಲು ಮುಚ್ಚುತ್ತಿದ್ದ.

"ನಂಗ್ಯಾಕೆ ಹೇಳಲಿಲ್ಲ ಅಣ್ಣ?"

"ನೀನು ಚಿಕ್ಕೋಳು. ನಿಂಗೆ ಗೊತ್ತಾಗದಂಗೆ ನೋಡ್ಕೊಂಡ್ರೆ ನಿಂಗೆ ಬರಲ್ಲ ಅಂದ್ಕೊಂಡಿದ್ದೆ." ಅಷ್ಟು ಹೇಳಿ ಅಪ್ಪ ಕಿಟಕಿ ಕಡೆ ತಿರುಗಿದ. "ಬಂತಲ್ಲ. ನೀನು ಬಸ್ ಹಿಂದೆ ಓಡಿದೆ ಅಂತ ಯಾರೋ ಬಂದು ಹೇಳಿದಾಗ ನಂಗೆ ಅಮ್ಮನೇ ಕಂಡಳು."

ಅತ್ತೆ ಕುರ್ಚಿ ಹತ್ತಿರ ಎಳೆದುಕೊಂಡು ಅವನ ಭುಜಕ್ಕೆ ತಲೆ ಆನಿಸಿದಳು. ಡಾಕ್ಟ್ರಮ್ಮ ಮುಂದಿನ ಪ್ರಶ್ನೆಗೆ ಅವಸರ ಮಾಡಲಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ ಇಬ್ಬರೂ ಅಜ್ಜಿಯ ಬಗ್ಗೆ ಮಾತಾಡುತ್ತಲೇ ಇದ್ದರು, ಅವಳನ್ನು ಹೊಸದಾಗಿ ಪರಿಚಯ ಮಾಡಿಕೊಂಡವರ ಹಾಗೆ.

ಅಧ್ಯಯನ ಸುಸೂತ್ರವಾಗೇನೂ ನಡೆಯಲಿಲ್ಲ. ಒಂದು ವರ್ಷದ ಸುರುಳಿಗಳನ್ನು ಒಟ್ಟಿಗೆ ಸೇರಿಸಿದಾಗ, ಒಂದು ದೇಶದವರ ಕೈ ಮಾತ್ರ ಉಳಿದೆಲ್ಲರಿಗಿಂತ ಸ್ಥಿರವಾಗಿದೆ ಎಂದು ಬಂತು. ದೊಡ್ಡ ಸಂಗತಿಯೇ ಸಿಕ್ಕಿತೆಂದು ಎಲ್ಲರೂ ಸಂಭ್ರಮಪಟ್ಟರಂತೆ. ಆಮೇಲೆ ನೋಡಿದರೆ ಆ ಕೇಂದ್ರದಲ್ಲಿ ದಪ್ಪ ಮೊನೆಯ ಪೆನ್ನು ಕೊಡುತ್ತಿದ್ದರು. ಸಣ್ಣ ನಡುಕವೆಲ್ಲ ಶಾಯಿಯಲ್ಲಿ ಮುಳುಗಿಹೋಗಿತ್ತು. ಎಲ್ಲ ಕೇಂದ್ರಗಳಿಗೂ ಒಂದೇ ಬಗೆಯ ಪೆನ್ನು ಕಳಿಸಿ ಮತ್ತೆ ಮೊದಲಿಂದ ಶುರು. "ಇಷ್ಟು ಓದಿದೋರು ಒಂದು ಪೆನ್ನಿಗೆ ಜಗಳ ಆಡ್ತಾರಲ್ಲ," ಎಂದು ಅತ್ತೆಗೆ ಖುಷಿಯೋ ಖುಷಿ. ಡಾಕ್ಟ್ರಮ್ಮನೂ ನಕ್ಕರು, ಆದರೆ ಅವರ ಕಣ್ಣ ಕೆಳಗೆ ಕಪ್ಪುಗಟ್ಟಿತ್ತು.

ಆ ಹೊತ್ತಿನಲ್ಲೇ ಕೇಂದ್ರಗಳವರು ತಮ್ಮ ತಮ್ಮ ರೋಗಿಗಳನ್ನೂ ಕಂಪ್ಯೂಟರ್ ಪರದೆಯ ಮೇಲೆ ನಡೆಯುವ ಸಭೆಗೆ ಸೇರಿಸಿಕೊಂಡರು. ನಮ್ಮ ಕಡೆಯಿಂದ ಅತ್ತೆ. ಕಂಪ್ಯೂಟರ್ ನೋಡಿಕೊಳ್ಳಲು ಪಕ್ಕದಲ್ಲಿ ನಾನು, ಮಾತು ತಿಳಿಸಲು ಒಬ್ಬ ದುಭಾಷಿ. ಪರದೆಯಲ್ಲಿ ಪುಟ್ಟ ಪುಟ್ಟ ಚೌಕಗಳಲ್ಲಿ ಮುಖಗಳು. ಮೊದಲ ದಿನ ಅತ್ತೆ ಸೀರಿಯಸ್ಸಾಗಿ, ಫೋಟೋಕ್ಕೆ ಕೂತವಳ ಹಾಗೆ ಕೂತಿದ್ದಳು. ನಡುವೆ ಎಲ್ಲರೂ ಚಹಾ ಕಾಫಿಗೆ ಎಂದು ಸ್ವಲ್ಪ ಬಿಡುವು ಮಾಡಿಕೊಂಡರು. ಅಷ್ಟರಲ್ಲಿ ಅತ್ತೆ ನನ್ನ ಮೊಣಕೈ ತಿವಿದಳು.

"ನೋಡೇ, ನೋಡೇ ಅಲ್ಲಿ."

ಪಿಟೀಲು ರಿಪೇರಿ ಮಾಡುವ ಹೆಂಗಸೊಬ್ಬರು ಕಪ್ಪನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದು ಬಾಯಿಗೆ ಒಯ್ಯುತ್ತಿದ್ದರು. ಇನ್ನೊಂದು ಚೌಕದಲ್ಲಿ ಹಿಂದೆ ಟ್ರ್ಯಾಮ್ ಓಡಿಸುತ್ತಿದ್ದವರೊಬ್ಬರು ಕಪ್ಪನ್ನು ಮೇಜಿನ ಮೇಲೇ ಇಟ್ಟು ತಲೆಯನ್ನು ಬಗ್ಗಿಸಿ ಹೀರುತ್ತಿದ್ದರು. ಅತ್ತೆಯೂ ತನ್ನ ಲೋಟವನ್ನು ಎರಡು ಕೈಯಲ್ಲಿ ಎತ್ತಿ ಪರದೆಗೆ ತೋರಿಸಿದಳು. ಪಿಟೀಲಿನವರು ನೋಡಿ ನಕ್ಕರು, ಟ್ರ್ಯಾಮಿನವರೂ ನಕ್ಕರು. ದುಭಾಷಿಗೆ ಅಲ್ಲೇನೂ ಕೆಲಸವಿರಲಿಲ್ಲ.

ಬಿಡುವಿನ ನಂತರ ಪಿಟೀಲಿನವರು ಮೊದಲು ಮಾತಾಡಿದರು. ನಡುಕ ಎಷ್ಟು ಎಂದು ಅಳೆಯುತ್ತೀರಿ, ಸಂತೋಷ. ಅದರಿಂದ ನಮಗೆ ಏನು ಮಾಡಲಾಗುತ್ತಿಲ್ಲ ಎಂಬುದನ್ನೂ ಕೇಳಿ ಎಂದರು. ಅತ್ತೆ ಕೈ ಎತ್ತಿ, "ನಂದೂ ಅದೇ ಮಾತು. ಟೀ ಚೆಲ್ಲಿದ್ರೆ ಒರೆಸ್ಕೋತೀನಿ. ಮೇಷ್ಟ್ರ ಕಿವಿ ಹಂಗಲ್ಲ," ಅಂದಳು. ದುಭಾಷಿ ಮೇಷ್ಟರ ಕಿವಿಯನ್ನು ಏನೆಂದು ಅನುವಾದಿಸಿದರೋ, ಆ ಕಡೆಯ ಡಾಕ್ಟರುಗಳು ಒಂದು ಕ್ಷಣ ಗಾಬರಿಯಾದರು. ಅವರ ಪೈಕಿ ಕೆಲವರು ಇದನ್ನೇ ಹಿಂದಿನಿಂದ ಹೇಳುತ್ತಾ ಬಂದಿದ್ದರಂತೆ. ಈಗ ಒತ್ತು ಸಿಕ್ಕಿತು. ಪ್ರತಿಯೊಬ್ಬರ ಕಸುಬು ಕೇಳಿ, ಆ ಕಸುಬಿನ ಕೈಕೆಲಸವನ್ನೂ ಅಧ್ಯಯನದಲ್ಲಿ ಸೇರಿಸಿಕೊಂಡರು.

ಫಲ ಬರಲು ವರ್ಷಗಳೇ ಹಿಡಿದವು. ಬಂದದ್ದು ಪವಾಡವೇನಲ್ಲ. ಕೆಲವರಿಗೆ ಲಿಥಿಯಂನ ಪ್ರಮಾಣವನ್ನು ತುಸು ಇಳಿಸಿ, ನಿಧಾನವಾಗಿ ಕರಗುವ ಮಾತ್ರೆಗೆ ಬದಲಾಯಿಸಿ, ಜೊತೆಗೊಂದು ಚಿಕ್ಕ ಮಾತ್ರೆ ಕೊಟ್ಟರೆ ಮನಸ್ಸು ಏರುಪೇರಾಗದೆ ಕೈ ಸುಧಾರಿಸುತ್ತದೆ, ಎಲ್ಲರಿಗೂ ಅಲ್ಲ. ಟ್ರ್ಯಾಮಿನವರಿಗೆ ಏನೇನೂ ಪ್ರಯೋಜನವಾಗಲಿಲ್ಲ. ಅತ್ತೆಗೆ ಆಯಿತು, ಮುಕ್ಕಾಲು ಪಾಲು. ಡಾಕ್ಟ್ರಮ್ಮ ತಿಂಗಳಿಗೊಮ್ಮೆ ರಕ್ತ ನೋಡುತ್ತಾ, ಕೂದಲೆಳೆಯಷ್ಟೇ ಬದಲಾವಣೆ ಮಾಡುತ್ತಾ ಬಂದರು. ಕತ್ತರಿ ಮತ್ತೆ ಹಿಡಿತಕ್ಕೆ ಬಂತು.

ಕುತ್ತಿಗೆಯ ಹಿಂದೆ ಅಂಚು ತೀಡುವ ರೇಜರು ಮಾತ್ರ ಬರಲಿಲ್ಲ. ಅದನ್ನು ಅವಳು ಹಿಡಿಯುವುದೇ ಇಲ್ಲ ಎಂದು ತೀರ್ಮಾನಿಸಿದಳು. ಹಾಗೆಂದು ಅರ್ಧ ಕೆಲಸ ಮಾಡಿ ಗಿರಾಕಿಯನ್ನು ಕಳಿಸುವುದೂ ಅವಳಿಗಾಗದು. ಎರಡು ದಿನ ಮುಖ ಊದಿಸಿಕೊಂಡಿದ್ದಳು. ಮೂರನೆಯ ದಿನ ಮಾವ ಕೊಳಾಯಿ ಕೆಲಸದಿಂದ ಬಂದವರು ಕೈ ತೊಳೆದುಕೊಂಡು, ಸಲೂನಿನ ಒಳಗೆ ನಿಂತು, "ನಂಗೆ ಕಲಿಸು," ಅಂದರು.

"ನಿಮಗಾ? ಪೈಪು ಅಲ್ಲ ರೀ ಅದು, ಮನುಷ್ಯರ ಕುತ್ತಿಗೆ."

"ಪೈಪಿಗೆ ಸೋರದಂಗೆ ದಾರ ಸುತ್ತೋ ಕೈ ಇದು. ಕಲಿಸು."

ಮೊದಲು ಊದಿದ ಬಲೂನಿಗೆ ಸೋಪು ಹಚ್ಚಿ ಅಭ್ಯಾಸ ಮಾಡಿಸಿದಳು. ಎಷ್ಟೋ ಬಲೂನು ಢಂ ಎಂದವು. ಪ್ರತಿ ಸಲವೂ ಪಕ್ಕದ ಚಪ್ಪಲಿ ಅಂಗಡಿಯಿಂದ "ಯಾರ್ ಹೋದ್ರು?" ಎಂದು ಕೂಗು ಬರುತ್ತಿತ್ತು. ಬಲೂನು ಒಡೆಯದ ದಿನ ಮೇಷ್ಟರು ತಾವಾಗಿ ಕುತ್ತಿಗೆ ಒಡ್ಡಿದರು. ಮಾವ ಉಸಿರು ಬಿಗಿಹಿಡಿದು, ಅಂಚು ತೀಡಿದರು. ಗೀಟು ಎಳೆದಂತೆ ನೆಟ್ಟಗೆ ಬಂತು. ಅಂದಿನಿಂದ ಸಂಜೆ ಹೊತ್ತು ಮಾವ ಸಲೂನಿನಲ್ಲಿರುತ್ತಾರೆ. ಅತ್ತೆ ಮಾತು ಮತ್ತು ಕತ್ತರಿ, ಮಾವ ಮೌನ ಮತ್ತು ರೇಜರು. ಗಿರಾಕಿಗಳು ಸಂಜೆಯೇ ಹೆಚ್ಚು ಬರುತ್ತಾರೆ.

ಹೋದ ವರ್ಷ ಎಲ್ಲ ಕೇಂದ್ರಗಳ ಸಭೆ ಪಿಟೀಲಿನವರ ಊರಿನಲ್ಲಿ ನಡೆಯಿತು. ರೋಗಿಗಳ ಪರವಾಗಿ ಅತ್ತೆಗೂ ಕರೆ ಬಂತು. ವಿಮಾನದಲ್ಲಿ ನಿದ್ದೆ ಕೆಟ್ಟರೆ ಮನಸ್ಸು ಕೆಟ್ಟೀತು ಎಂದು ಮಾವನಿಗೆ ಭಯ. ಡಾಕ್ಟ್ರಮ್ಮ ಅವಳ ಮಲಗುವ ಹೊತ್ತನ್ನು ಹೋಗುವ ಮೊದಲೇ ಆ ಊರಿನ ಗಡಿಯಾರಕ್ಕೆ ಹೊಂದುವಂತೆ ದಿನಕ್ಕಿಷ್ಟು ಎಂದು ಸರಿಸಿಕೊಟ್ಟರು. ಅಪ್ಪ ಅಂಚೆ ಕಚೇರಿಗೆ ರಜೆ ಹಾಕಿ ತಾನೇ ಜೊತೆಗೆ ಹೊರಟ. ಕೌಂಟರಿನಲ್ಲಿ ಯಾರೋ ಕೇಳಿದ್ದಕ್ಕೆ, "ನನ್ನ ತಂಗಿಗೆ ಬೈಪೋಲಾರ್ ಇದೆ. ಅದರ ಸಭೇಲಿ ಮಾತಾಡಕ್ಕೆ ಕರೆದಿದ್ದಾರೆ," ಎಂದು ಸರತಿಯಲ್ಲಿದ್ದವರೆಲ್ಲ ಕೇಳುವಂತೆ ಹೇಳಿದನಂತೆ. ನನಗೆ ಹೇಳಿದ್ದು ಅವನ ಸಹೋದ್ಯೋಗಿ. ಅಪ್ಪ ಇವತ್ತಿಗೂ ಆ ಮಾತೆತ್ತಿಲ್ಲ.

ಅಲ್ಲಿ ಪಿಟೀಲಿನವರು ಅವಳನ್ನು ತಮ್ಮ ರಿಪೇರಿ ಅಂಗಡಿಗೆ ಕರೆದೊಯ್ದರು. ಮರದ ಪುಡಿಯ ವಾಸನೆ ತುಂಬಿದ ಚಿಕ್ಕ ಕೋಣೆ, ಗೋಡೆ ತುಂಬ ನೇತುಬಿದ್ದ ಪಿಟೀಲುಗಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದಿದ್ದರೂ ಒಬ್ಬರ ಹತಾರ ಇನ್ನೊಬ್ಬರು ಮುಟ್ಟಿ ನೋಡಿದರು. ಅತ್ತೆ ಸುಮ್ಮನಿರಲಾರದೆ ಆಕೆಯನ್ನು ಕಿಟಕಿ ಬಳಿ ಕೂರಿಸಿ ಕೂದಲಿನ ತುದಿ ಸರಿಮಾಡಿದಳಂತೆ. ಅವಳು ರೇಜರಿನ ಹತ್ತಿರವೂ ಸುಳಿಯಲಿಲ್ಲ ಎಂದು ಅಪ್ಪ ಬಂದೊಡನೆ ಮಾವನಿಗೆ ವರದಿ ಒಪ್ಪಿಸಿದ.

ಈಗಲೂ ಅವಳಿಗೆ ಮಂಕು ಕವಿಯುವ ದಿನಗಳಿವೆ. ಈ ಚಳಿಗಾಲದಲ್ಲಿ ಒಂದು ವಾರ ಬಾಗಿಲು ಅರ್ಧ ದಿನವೇ ತೆರೆದಿತ್ತು. ಅವಳು ಬೆಂಚಿನ ಮೇಲೆ ಶಾಲು ಹೊದ್ದು ಕೂತಿದ್ದಳು, ಬಾಯಿ ಬಿಡಲಿಲ್ಲ. ಮೇಷ್ಟರು ಪಕ್ಕದಲ್ಲಿ ಕೂತು ಪೇಪರನ್ನು ಗಟ್ಟಿಯಾಗಿ ಓದಿ ಹೇಳಿದರು. ಅಪ್ಪ ಕೆಲಸದಿಂದ ನೇರ ಅಲ್ಲಿಗೆ ಬಂದು ನೆಲ ಗುಡಿಸಿದ. ಮಾವ ಡಾಕ್ಟ್ರಮ್ಮನಿಗೆ ಫೋನು ಮಾಡಿದರು. ಮುಂದಿನ ವಾರ ಅವಳು ಎದ್ದು, ಅಪ್ಪ ಗುಡಿಸಿದ ಮೂಲೆಯಲ್ಲಿ ಕೂದಲು ಉಳಿದದ್ದನ್ನು ಹುಡುಕಿ ತೆಗೆದು, "ಅಂಚೆ ಕಚೇರೀಲೂ ಹಿಂಗೇ ಗುಡಿಸ್ತೀಯಾ?" ಎಂದು ಕೇಳಿದಳು. ಅಪ್ಪ ಪೊರಕೆ ಅವಳ ಕೈಗೆ ಕೊಟ್ಟು ಮನೆಗೆ ಹೊರಟ.